ಕೈಯಳತೆ

ಚೌಕಿಪೇಟೆಯಲ್ಲಿ ಅಮ್ಮ ಬಳೆ ತೊಡಿಸುತ್ತಿದ್ದಳು.
ಬಂದವರ ಮುಖ ನೋಡುತ್ತಿರಲಿಲ್ಲ.
ಹೆಬ್ಬೆರಳ ಬುಡ ಒತ್ತಿ, ಗೆಣ್ಣು ಸವರಿ
ಎರಡು-ಆರು, ಎನ್ನುತ್ತಿದ್ದಳು. ಅಷ್ಟೆ.
ತಪ್ಪಿದ್ದನ್ನು ನಾ ಕಾಣೆ.

ನಾನೂ ಕೈ ನೋಡಿಯೇ ಉಂಡವನು,
ಅಂಗಡಿ ಮಾತ್ರ ಬೇರೆ:
ಕಬ್ಬಿಣದ ಕಪಾಟು, ಮೂರು ಬೀಗ,
ಗೆದ್ದಲು ಮುಟ್ಟದ ದಪ್ಪ ರಿಜಿಸ್ಟರು,
ಅಂಗಿಗೂ ಅನ್ನಕ್ಕೂ ಹತ್ತಿದ ಎಣ್ಣೆಯ ವಾಸನೆ.
ಮೂವತ್ತೊಂದು ವರ್ಷ ಒರೆಸಿದ್ದೇನೆ,
ಒಂದನ್ನೂ ಹಾರಿಸಿದವನಲ್ಲ.

ಹರಿಹರ ರಸ್ತೆಯ ಪೆಟ್ರೋಲ್ ಬಂಕಿನ ಸರ್ವಮಂಗಳಮ್ಮ
ಪ್ಲಾಸ್ಟಿಕ್ ಕವರಿನಿಂದ ಲೈಸೆನ್ಸು ತೆಗೆದು
ರೇಷನ್ ಕಾರ್ಡಿನ ಹಾಗೆ ಮೇಜಿನ ಮೇಲಿಟ್ಟರು.
ಹಿಂದೆಯೇ ಮೈದುನ ಬಕ್ಕೇಶ:
"ಅದನ್ನ ಕೊಡ್ರಿ ಇಮಾಮಣ್ಣ, ಅಗೋ, ಮೇಲಿನ ಸಾಲಿಂದು.
ಕಂಡ ಕೂಡ್ಲೆ ಎದುರಿನವ ಉಚ್ಚಿ ಹೊಯ್ಕಬೇಕು."
ಅವನಿಗೊಂದು ಚಹಾ ತರಿಸಿದೆ.
ಬಾಯಿಗೂ ಕೆಲಸ ಬೇಕಲ್ಲ.

"ಕೈ ಕೊಡ್ರಿ ಅಕ್ಕಾ."
ಚಾಚಿದರು, ಬಳೆಗೆ ಚಾಚಿದ ಹಾಗೆಯೇ.
ಬೆರಳು ಗಿಡ್ಡ, ಅಂಗೈ ಅಗಲ,
ಮಣಿಕಟ್ಟಿನ ಮೇಲೆ ಏಳು ಹೊಲಿಗೆಯ ಗುರುತು,
ಇನ್ನೂ ಕೆಂಪಗೆ, ಇರುವೆ ಸಾಲಿನಂತೆ.
ಅದರ ಮೇಲೆ ಕೈಯಾಡಿಸಲಿಲ್ಲ. ಕೇಳಲೂ ಇಲ್ಲ.

ದೊಡ್ಡದನ್ನೇ ಮೊದಲು ಇಳಿಸಿದೆ, ಬಕ್ಕೇಶನ ಸಮಾಧಾನಕ್ಕೆ.
ತೆರೆದು ತೋರಿಸಿದೆ, ಖಾಲಿ;
ಅವರ ಕಿರುಬೆರಳಿಂದಲೇ ಮುಟ್ಟಿಸಿದೆ, ಖಾಲಿ.
"ಆದರೂ ತುಂಬೈತಿ ಅಂತಲೇ ತಿಳೀರಿ, ಯಾವತ್ತೂ."
ಹಿಡಿದರು. ಬೆರಳು ಕುದುರೆಗೆ ಎಟುಕಲಿಲ್ಲ.
ಎಟುಕಿಸಲು ಹೋಗಿ ಮುಷ್ಟಿಯೇ ತಿರುಗಿತು,
ಮೂತಿ ಹೋಗಿ ಚಹಾದ ಹುಡುಗನ ಕಡೆ ನಿಂತಿತು.
ಹುಡುಗ ಲೋಟ ಬಿಟ್ಟು ಓಡಿದ.

"ಹಂಗಾರೆ ಆ ಪುಟಾಣಿ ಕೊಡ್ರಿ, ಹೆಂಗಸರ ಬ್ಯಾಗಿನದು."
ಚಿಕ್ಕದು ಒದೆಯೋದು ಹೆಚ್ಚು ಬಕ್ಕೇಶಪ್ಪ,
ಕತ್ತೆಮರಿ ನೋಡಿಲ್ಲವೆ?
ಎರಡು ಬೆರಳಿಗಷ್ಟೇ ಜಾಗ ಅದರ ಹಿಡಿಯಲ್ಲಿ.
ಮೂರನೆಯದು ಫುಟ್‌ಬೋರ್ಡಿನ ಕೊನೆಯವನಂತೆ
ಗಾಳಿಯಲ್ಲಿ ನೇತಾಡಿತು.

ಆಮೇಲೆ ಕೆಳಗಿನ ಖಾನೆ. ಹಳೆಯ ಬಟ್ಟೆಯ ಗಂಟು.
ಮುಚ್ಚಿದ ಹತ್ತಿಗಿರಣಿಯ ಖಜಾಂಚಿ ಮಾರಿ ಹೋದ
ಮೂವತ್ತೆರಡರ ರಿವಾಲ್ವರು.
ಬಣ್ಣ ಹೋಗಿದೆ, ಮರದ ಹಿಡಿಯ ಒಂದು ಮಗ್ಗುಲು
ಆತನ ಹೆಬ್ಬೆರಳಿಗೆ ಸವೆದು ತಗ್ಗಾಗಿದೆ,
ಅಮ್ಮನ ಒರಳಿನ ಹಾಗೆ.

"ಕಣ್ಣು ಮುಚ್ಚಿರಿ. ಬೆರಳು ಕುದುರೆಯ ಹೊರಗಿರಲಿ.
ಗೋಡೆಯ ಕ್ಯಾಲೆಂಡರಿನ ಕಡೆ ಎತ್ತಿರಿ.
ಹಿತ ಅನಿಸಿದಲ್ಲಿ ನಿಲ್ಲಿಸಿ, ಈಗ ಕಣ್ಣು ಬಿಡಿ.
ಮುಂದಿನ ಮೊಳೆ ಎಲ್ಲಿ ಕೂತೈತಿ?"
"ಹದಿನೇಳರ ಮೇಲೆ."
ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದರು.
"ಆ ಹುಡುಗನ ಕೇಸು ಅವತ್ತೇ ಐತಿ.
ನಮ್ಮ ಬಂಕಲ್ಲೇ ಚಕ್ರಕ್ಕೆ ಗಾಳಿ ಹಿಡೀತಿದ್ದ.
ಊಟ ನಮ್ಮ ಮನಿದೇ."
ಬಕ್ಕೇಶ ಚಹಾ ಕೆಳಗಿಟ್ಟ.
ಕೈ ನಡುಗಲಿಲ್ಲ ಅವರದು, ಒಂದಿಷ್ಟೂ.
ನಡುಗಿದ್ದರೆ ನನಗೆ ನೆಮ್ಮದಿಯಾಗುತ್ತಿತ್ತು.

ಕೆಳಗಿಳಿಸಿ ಕೇಳಿದರು, ನನ್ನನ್ನೋ ಅದನ್ನೋ:
"ಇದು ಇಷ್ಟು ಹಿತ ಆಗಬೇಕಾ?"

ನೋಯದೆ ಏರಿದ ಬಳೆ
ನೋಯದೆ ಜಾರಿಯೂ ಹೋಗುತ್ತೆ, ಅಮ್ಮನ ಮಾತು.
ನಾಲಗೆ ತುದಿಗೆ ಬಂತು, ಹೇಳಲಿಲ್ಲ.
"ಐವತ್ತು ಗುಂಡು ಹಾರಿಸಿ ಕಲೀರಿ,
ಆಮೇಲೆ ಅದೇ ಹೇಳುತ್ತೆ" ಎಂದೆ, ವ್ಯಾಪಾರಿಯ ಹಾಗೆ.

ರಿಜಿಸ್ಟರು ತಿರುವಿ ಮುಂದೆ ತಳ್ಳಿದೆ.
ನಂಬರು, ತಾರೀಖು, ಇಲ್ಲಿ ಸಹಿ.
ಪೆನ್ನನ್ನು ಎಡಗೈಯಲ್ಲಿ ಎತ್ತಿಕೊಂಡರು.
ಸರಾಗವಾಗಿ, ಗೆರೆ ತಪ್ಪದೆ, ಪೂರ್ತಿ ಹೆಸರು ಬರೆದರು.

"ಅಕ್ಕಾ, ನೀವು ಎಡಚರಾ?"
"ಹೌದು, ಹುಟ್ಟಿದಾಗಿಂದ. ಯಾಕೆ?"
"ಮತ್ತೆ ಬಲಗೈ ಕೊಟ್ಟಿರಲ್ಲ?"
"ಕೈ ಕೊಡು ಅಂದ್ರೆ ಎಡಗೈ ಕೊಡ್ತಾರೇನ್ರಿ ಯಾರಾದರೂ?"

ಕಪಾಟಿನ ಬೀಗ
ಇನ್ನೊಮ್ಮೆ ತೆಗೆದೆ.