ಎಣಿಸುವ ಕಾಗೆ

ಕಾದಂಬರಿಯಲ್ಲಿ ಒಂದು ಪಾಳು ದೀಪಸ್ತಂಭ,
ಅದರ ತುಂಬ ಕಾಗೆಗಳು.
ಲಿಂಗರಾಜಪುರದ ಏಳನೇ ಬಿ ಸೆಕ್ಷನ್ನಿಗೆ
ಮೊದಲು ಸಮುದ್ರವನ್ನೇ ಹೇಳಿಕೊಡಬೇಕಾಯಿತು.
"ಲೈಟ್‌ಹೌಸ್ ಅಂದ್ರೆ ಮೊಬೈಲ್ ಟವರಾ ಮಿಸ್?"
ತೌಸೀಫ್ ಕೇಳಿದ. ಹೂಂ, ಸದ್ಯಕ್ಕೆ ಹಾಗೇ ಅಂದುಕೋ ಎಂದೆ,
ಅಷ್ಟರಲ್ಲಿ ಬಾಣಸವಾಡಿ ಕಡೆಯ ರೈಲು.
ರೈಲು ಹೋಗುವ ತನಕ ನಮ್ಮಲ್ಲಿ ಪಾಠವಿಲ್ಲ,
ತೆರೆದ ಬಾಯಿ ತೆರೆದಂತೆಯೇ ಕಾಯುತ್ತೇವೆ.

ಕತೆ ಇಷ್ಟು: ಬಿರುಗಾಳಿಯ ಮಾರನೆಯ ದಿನ
ಒಂದು ಕಾಗೆ ಹೇಳುತ್ತದೆ, ಇನ್ನು ಯಾರೂ ಕಳೆದುಹೋಗಬಾರದು,
ರಾತ್ರಿ ಹೊತ್ತು ನಾನು ಬರೀ ಎಣಿಸುತ್ತೇನೆ, ಅಷ್ಟೇ.
ಎಲ್ಲರಿಗೂ ಸಮಾಧಾನ.
ಮೂರನೇ ಅಧ್ಯಾಯಕ್ಕೆ, ಎಣಿಕೆಗೆ ಸಿಕ್ಕವರಿಗೆ ಮಾತ್ರ ಮೀನು.
ಐದಕ್ಕೆ, ಎಣಿಕೆಗೆ ಸಿಗದದ್ದು ಕಾಗೆಯೇ ಅಲ್ಲ.

ಬೋರ್ಡಿನ ಮೇಲೆ ದೊಡ್ಡದಾಗಿ 'ಸಿಂಬಲ್' ಎಂದು ಬರೆದೆ.
ಕಾಗೆ ಅಂದರೆ ಇಲ್ಲಿ ಕಾಗೆಯಲ್ಲ ಮಕ್ಕಳೇ.
"ಮತ್ತೆ ಕೋಳೀನಾ?" ಹಿಂದಿನ ಬೆಂಚು ನಕ್ಕಿತು.
ಮಾನಿಟರ್ ಲೋಹಿತ್, ಯಾರೂ ಹೇಳದೆ ಎದ್ದು,
ನಕ್ಕವರ ಹೆಸರು ಬರೆಯತೊಡಗಿದ
ಸಿಂಬಲ್ಲಿನ ಕೆಳಗೇ, ಮುದ್ದಾದ ಅಕ್ಷರದಲ್ಲಿ.
ಐದು ಹೆಸರಾದ ಮೇಲೆ ಪೊನ್ನರಸಿ ಮೆಲ್ಲಗೆ ಅಂದಳು,
"ಮಿಸ್, ಕಾಗೆ."
ಲೋಹಿತ್ ಅವಳ ಹೆಸರನ್ನೂ ಬರೆದ.

ಹೆಡ್‌ಮಿಸ್ ಕಾರಿಡಾರಿನಲ್ಲಿ ತಡೆದರು:
ರಾಜಕೀಯ ಗೀಜಕೀಯ ಬೇಡ ಕಣ್ರೀ ವಿಶಾಲಾಕ್ಷಿ,
ಪ್ರಶ್ನೆ, ಉತ್ತರ, ಗ್ರಾಮರ್, ಸಾಕು.
ನನಗೂ ಅದೇ ಸುಲಭ.

ಕೊನೇ ಬೆಂಚಿನಲ್ಲಿ ಮಾರೆಮ್ಮ.
ಅಪ್ಪ ಅಮ್ಮ ಹೆಣ್ಣೂರಿನ ಅಪಾರ್ಟ್‌ಮೆಂಟಿನಲ್ಲಿ ಸೆಂಟ್ರಿಂಗ್ ಕೆಲಸ.
ಯಾದಗಿರಿಯಿಂದ ಟೀಸಿ ಬರಬೇಕು,
ಬರುತ್ತೆ ಬರುತ್ತೆ ಅಂತ ಆಗಸ್ಟಿನಿಂದ.
ಹಾಜರಿ ನಲವತ್ತೊಂದಕ್ಕೆ ಮುಗಿಯುತ್ತದೆ,
ಮೊಟ್ಟೆಯೂ ನಲವತ್ತೊಂದೇ.
ಯಾರಿಗಾದರೂ ಜ್ವರ ಬಂದ ದಿನ ಅವಳಿಗೊಂದು.
ಆವತ್ತು ಮೊದಲ ಸಲ ಕೈ ಎತ್ತಿದಳು:
"ಎಣಿಸ್ಲಾರದ ಕಾಗಿ ರಾತ್ರಿ ಎಲ್ಲಿ ಕುಂದರ್ತದ್ರಿ ಟೀಚರ್?"
ಪುಟ ತಿರುವಿದೆ, ಮತ್ತೆ ತಿರುವಿದೆ.
ಬರೆದವನು ಅದನ್ನು ಬರೆದಿರಲಿಲ್ಲ.
ರೈಲಾದರೂ ಬರಲಿ ಎಂದು ಕಾದೆ.
ಬರಲಿಲ್ಲ.

ಕಿರುಪರೀಕ್ಷೆ. ಪ್ರಶ್ನೆ ಆರು, ಎರಡು ಅಂಕ:
ಎಣಿಸುವ ಕಾಗೆ ಯಾರನ್ನು ಸೂಚಿಸುತ್ತದೆ?
ನಲವತ್ತು ಹಾಳೆಗಳಲ್ಲಿ ಸರ್ವಾಧಿಕಾರಿ,
ನಾನೇ ಬೋರ್ಡಿನಿಂದ ಇಳಿಸಿಕೊಟ್ಟವನು.
ತೌಸೀಫ್ ಮಾತ್ರ 'ಟವರ್ ಕಂಪನಿ' ಎಂದಿದ್ದಾನೆ.
ಇನ್ನೊಂದು ಹಾಳೆಗೆ ರೋಲ್ ನಂಬರ್ ಇಲ್ಲ.
ಪೆನ್ಸಿಲ್ಲಿನಲ್ಲಿ ಒಂದೇ ಪದ, ಇಂಗ್ಲಿಷಿನಲ್ಲಿ, ಟೀಚರ್.
ನಡುವಿನ ಒಂದಕ್ಷರ ಬಿಟ್ಟುಹೋಗಿದೆ.

ಕೆಂಪು ಪೆನ್ನಿನ ಮುಚ್ಚಳ ಕಚ್ಚಿಕೊಂಡು
ಸ್ಟಾಫ್ ರೂಮಿನಲ್ಲಿ ಬಹಳ ಹೊತ್ತು ಕುಳಿತಿದ್ದೆ,
ಆಯಾ ಬಂದು ಫ್ಯಾನ್ ಆರಿಸುವವರೆಗೆ.
ಸ್ಪೆಲ್ಲಿಂಗಿಗೆ ಅರ್ಧ ಕಳೆದು
ಒಂದೂವರೆ ಕೊಟ್ಟೆ.
ಅಂಕಪಟ್ಟಿಯಲ್ಲಿ ಗೆರೆ ಎಳೆದದ್ದು
ನಲವತ್ತೊಂದು ಸಾಲಿಗೆ.