ಅರ್ಧ ಗೆರೆ

ಪಿಲ್ಸೆನ್ನಿನಲ್ಲಿ, ರೈಲು ಯಾರ್ಡಿನ ಹಿಂದೆ,
ಹತ್ತೂವರೆಗೆ ನಾನು ಬಾಗಿಲು ತೆಗೆದರೆ
ಮೊದಲ ಲೋಟ ವೆಂಡೆಲೀನನದು.
ಅದಕ್ಕೆ ದುಡ್ಡಿಲ್ಲ. ಮೇಜಿನ ಚೀಟಿಯಲ್ಲಿ ಗೆರೆಯಿಲ್ಲ.
ನನ್ನ ಅತ್ತೆಯ ಕಾಲದಿಂದ ನಡೆದ ಲೆಕ್ಕ:
ಅವನು ಕುಡಿದು 'ಹೂಂ' ಅಂದ ಮೇಲೇ
ಉಳಿದವರ ಬಾಯಿಗೆ ಬಿಯರು.

ಇವತ್ತು ಹೊಸ ಪೀಪಾಯಿ.
ಲೋಟವನ್ನು ತಣ್ಣೀರಲ್ಲಿ ಅದ್ದಿ ತೆಗೆದೆ, ಒರೆಸಲಿಲ್ಲ.
ನಲ್ಲಿಯ ಮೂತಿ ಒಳಗಿಟ್ಟು ಮೊದಲು ನೊರೆ,
ಆಮೇಲೆ ಆ ಬಿಳಿಯ ಅಡಿಯಲ್ಲಿ, ಸದ್ದಿಲ್ಲದೆ, ಬಿಯರು:
ಸಕ್ಕರೆ ಪಾಕ ಕೆಂಪಾಗಲು ಮನಸ್ಸು ಮಾಡುವ ಹೊತ್ತಿನ ಬಣ್ಣ.
ಮೂರು ಬೆರಳು ನೊರೆ, ಒದ್ದೆ, ಕೆನೆಗಟ್ಟಿದ್ದು.

ಮೂವತ್ತೊಂದು ವರ್ಷ ನೆಲಮಾಳಿಗೆಯಲ್ಲಿ
ಪೀಪಾಯಿಗಳ ನಿದ್ದೆ ಕಾದವನು.
ಮೂಗಿಟ್ಟು ಹೇಳುತ್ತಿದ್ದ,
'ಝಾಟೆಟ್ಸಿನ ಹಾಪ್ಸು. ಈ ಸಲ ಮಳೆ ಹೆಚ್ಚು ಕಂಡಿದೆ.'

ಫೆಬ್ರವರಿಯ ಜ್ವರ ಆ ಮೂಗನ್ನು ಕೊಂಡುಹೋಯಿತು.
ಯಾರಿಗೂ ಹೇಳಲಿಲ್ಲ.
ನನಗೆ ಗೊತ್ತಾದದ್ದು ಒಲೆಯ ಮೇಲೆ ಈರುಳ್ಳಿ ಸೀದ ದಿನ;
ಎಲ್ಲರೂ ತಲೆಯೆತ್ತಿದರು,
ಅವನೊಬ್ಬ ಪೇಪರು ಓದುತ್ತಲೇ ಇದ್ದ.

ಇವತ್ತೂ ಲೋಟಕ್ಕೆ ಮೂಗು ತಂದ, ರೂಢಿಯಂತೆ.
ಟ್ರಾಮ್ ಓಡಿಸುವ ಬೋರ್ಜೆಕ್ ಕಾಯುತ್ತಿದ್ದ,
ಮೀನಂಗಡಿಯ ಹೆರ್ಮೀನಾ ಕೈಗವಸು ಬಿಚ್ಚದೆ ಕಾಯುತ್ತಿದ್ದಳು.
ಒಂದು ಗುಟುಕು. ಇನ್ನೊಂದು, ದೊಡ್ಡದು.
'ಕಹಿ ಸರಿಯಿದೆ,' ಅಂದ.
'ತಡವಾಗಿ ಬಂದು ಬಾಗಿಲಲ್ಲೇ ನಿಲ್ಲುವ ನೆಂಟನಂಥ ಕಹಿ.
ತಂಪು ಸರಿಯಿದೆ. ಉಂಗುರ ನೋಡು,
ಗುಟುಕಿಗೊಂದು, ಗಾಜು ಬಿಟ್ಟಿಲ್ಲ.'
ಅಲ್ಲಿಗೆ ನಿಲ್ಲಿಸಿದ.
'ಹೂಂ' ಬರಲಿಲ್ಲ.

ಚೀಟಿಯನ್ನೂ ಪೆನ್ಸಿಲನ್ನೂ ನನ್ನ ಕಡೆ ನೂಕಿದ:
'ಇದಕ್ಕೊಂದು ಗೆರೆ ಎಳಿ.
ಅರ್ಧ ನಾಲಿಗೆಯವನಿಗೆ ಬಿಟ್ಟಿ ಲೋಟ ಯಾಕೆ?'

ಅವನ ಲೋಟವನ್ನೇ ಎತ್ತಿ ಮೂಗಿಗೆ ಹಿಡಿದೆ.
'ಬೆಣ್ಣೆ,' ಅಂದೆ. 'ಕಾಯಲು ಇಟ್ಟದ್ದು, ಇನ್ನೂ ಸದ್ದು ಮಾಡದ್ದು.'
'ಎಷ್ಟು?'
'ಬ್ರೆಡ್ಡಿಗೆ ಸವರುವಷ್ಟಲ್ಲ. ಸವರಿದ ಮೇಲೆ ಚಾಕುವಿನಲ್ಲಿ ಉಳಿಯುವಷ್ಟು.'
'ಹುಲ್ಲು?'
'ಇದೆ. ನಿನ್ನೆ ಕೊಯ್ದದ್ದು.'
'ಗಂಧಕ?'
ನನಗೆ ಆ ಹೆಸರಿನ ವಾಸನೆ ಗೊತ್ತಿರಲಿಲ್ಲ.
'ಬೆಂಕಿಕಡ್ಡಿ ಆರಿದ ಮೇಲಿನದು,' ಅಂದ.
ಮತ್ತೆ ಮೂಗಿಟ್ಟೆ. ಇತ್ತು. ಕ್ಷಣ ಇದ್ದು ಹೋಯಿತು.

ಕಣ್ಣು ಮುಚ್ಚಿ ಒಂದೊಂದನ್ನೂ
ಒಳಗಿನ ಯಾವುದೋ ಕಪಾಟಿನಲ್ಲಿ ಹುಡುಕಿದ,
ಬೀಗದಕೈ ಕಳೆದುಕೊಂಡವನು ಕೋಟನ್ನೆಲ್ಲ ತಡವಿದ ಹಾಗೆ.

'ವಾರ ಮುಂಚೆ ಎಬ್ಬಿಸಿಬಿಟ್ಟಿದ್ದಾರೆ, ನನ್ನ ಮಕ್ಕಳು,' ಅಂದ.
'ಇನ್ನೂ ಮಲಗಬೇಕಿತ್ತು.'
ತುಟಿಯ ಮೇಲಿನ ನೊರೆ ಒರೆಸಿಕೊಂಡ.
'ಆದರೂ, ಹೂಂ.'

ಚೀಟಿಯಲ್ಲಿ ಅರ್ಧ ಗೆರೆ ಎಳೆದೆ.
ಬೋರ್ಜೆಕ್ ಆಗಲೇ ಕೈ ಚಾಚಿದ್ದ.