ತೂತಿನ ದರ

ನಲವತ್ತು ವರ್ಷ ತೂತು ಮುಚ್ಚಿದ ಕೈ ಇದು.
ಖಡೇಬಜಾರದ ಹಿಂದ, ಕಟ್ಟಿ ಮ್ಯಾಲ ಮಷೀನು,
ಲಾರಿ ತಾಡಪತ್ರಿ, ಟ್ರ್ಯಾಕ್ಟರಿನ ಹೊದಿಕಿ,
ಇಲಿ ಕಡದದ್ದು, ಬೀಡಿ ಕಿಡಿ ಸುಟ್ಟದ್ದು, ಮೊಳಿ ಹರದದ್ದು.
ಗೇಣಿಗಿಷ್ಟು ಅಂತ ದರ. ಗಿರಾಕಿ ಚೌಕಾಶಿ ಮಾಡಾವ್ರು,
ನಾ ಬೈಯಾಂವ, ಹೊಲಿಯಾಂವ.

ಅಲ್ಲಿಗೆ ಬಂದಳು ಕಸ್ತೂರಿ ಕಣಬರಗಿ,
ದವಾಖಾನಿ ಎಕ್ಸ್‌ರೇ ರೂಮಿನಾಕಿ.
ಸ್ಕೂಟರಿನ ಕಾಲಬುಡದಾಗ ಒಂದು ಥಾನು ಬಟ್ಟಿ,
ಉಳ್ಳಾಗಡ್ಡಿ ಸಿಪ್ಪಿ ಹಂಗ ತೆಳು,
ಉಸುರು ಬಿಟ್ರ ಕಟ್ಟಿ ಇಳದು ಹೊಂಟಿತ್ತು.

"ಎಂಟು ಮಂದಿ ಮಲಗೋವಂಥಾ ಟೆಂಟು, ಮೋದಿನಕಾಕಾ.
ಒಬ್ಬರ ಬೆನ್ನಮ್ಯಾಲ ಹೋಗಬೇಕು."
ಆಗಲಿ, ಅಂದೆ.
"ತಳಾ ಹೊಲೀಬ್ಯಾಡ್ರಿ."
ತಳಾ ಇಲ್ಲದ ಟೆಂಟು ಅಂದ್ರ ಛತ್ರಿ ಅಲ್ಲೇನವ್ವಾ?
"ನೆಲಾ ಅಲ್ಲೇ ಇರತೈತಿ ಕಾಕಾ, ಹೊತ್ತು ಯಾಕ ಒಯ್ಯೋದು?"
ಸುಮ್ಮನಾದೆ.
"ಮತ್ತ ನೆತ್ತಿ ಹತ್ರ ಒಂದು ತೂತು,
ಒಲಿ ಕೊಳವಿ ಹೊರಗ ಹೋಗಾಕ."

ಕತ್ತರಿ ಕೆಳಗಿಟ್ಟೆ.
ಬಟ್ಟಿಯೊಳಗ ಬೆಂಕಿ ಇಟಗೊಂಡು ಮಲಗಾವ್ರು!
ಮನ್ಯಾಗ ಹೇಳೀಯೇನು?

ಹದಿನಾಲ್ಕು ದಿನ ಹಿಡೀತು.
ಇಪ್ಪತ್ತೆರಡರ ಸೂಜಿ ರೂಢಿ ಇದ್ದ ಕೈಗೆ
ಹನ್ನೊಂದು ನಂಬರು ಅಂದ್ರ ಕೂದಲಾ ಹಿಡದಂಗ.
ಬಟ್ಟಿ ಮೀನಿನಂಗ ಜಾರೂದು.
ಮಗ್ಗಲ ಅಂಗಡಿ ಪಾರಿಸಪ್ಪ ಕ್ಲಿಪ್ಪು ತಂದು ಕೊಟ್ಟ,
ಹೆಂಡತಿ ತಲಿಗೆ ಹಾಕೋವು, ಆಕಿಗೆ ಹೇಳದ.
ಉದ್ಯಮಬಾಗದ ಫೌಂಡ್ರಿಯಿಂದ ಬೆಂಕಿ ತಾಳೋ ಅರಿವಿ ಬಂತು.
ಬಟ್ಟಿಮ್ಯಾಲ ಬಶಿ ಬೋರಲ ಇಟ್ಟು ಗೆರಿ ಎಳದೆ,
ಅರಿವಿಮ್ಯಾಲ ಕಪ್ಪು.
ಕತ್ತರಿ ಮುಂದ ಹೋಗವಲ್ದು.
ಎರಡು ಸಲ ಎದ್ದು ಹೋಗಿ ಚಾ ಕುಡದು ಬಂದೆ.
ಬಿಸ್ಮಿಲ್ಲಾ ಅಂದು ಕತ್ತರಿಸಿದೆ.

ಉಳ್ಳಾಗಡ್ಡಿ ತಕ್ಕಡ್ಯಾಗ ತೂಗಿದಿವಿ: ಎರಡೂವರಿ ಕಿಲೋ.
ತಕ್ಕಡಿಯಾಕಿ ಕೇಳಿದಳು, ಏನ್ರೀ ಇದು, ಸೀರಿಯೇನು?

"ನೀವು ಹೊಲದದ್ದರಾಗ ನೀವಽ ಒಮ್ಮೆ ಮಲಗಿ ನೋಡ್ರಿ."
ಜನೇವರಿ. ಕಣಕುಂಬಿ ಆಚೆ ಗುಡ್ಡ.
ನಡುವ ಒಂದಽ ಬಿದಿರ ಗಳಾ, ಸುತ್ತ ಹದಿನಾರು ಗೂಟಾ.
ಯಲ್ಲೋಜಿ ಲೋಹಾರನ ಒಲಿ, ಎಣ್ಣಿ ಡಬ್ಬಿಗಿಂತ ಸಣ್ಣದು,
ಕೊಳವಿ ಅಂವ ಚಾಪಿ ಹಂಗ ಸುತಗೊಂಡು ತಂದಿದ್ದ.
ತೂತಿನಾಗ ತೂರಿ ಕಡ್ಡಿ ಗೀರಿದ.
ನಾ ಬಾಗಲದಾಗ ನಿಂತೆ, ಓಡಾಕ ತಯಾರಾಗಿ.

ಏನೂ ಆಗಲಿಲ್ಲ.
ಹೊಗಿ ಹೇಳಿದ ಕಡೆನೇ ಹೋತು.
ಕೊಳವಿ ಬುಡಾ ಕೆಂಪಗಾತು. ಹಗ್ಗದ ಮ್ಯಾಲ ಎಂಟು ಜೋಡಿ ಸಾಕ್ಸು,
ಒಲಿಮ್ಯಾಲ ಝುಣಕಾ, ಕಟಿರೊಟ್ಟಿ.
ಎಲಬು ಮುರಕೊಂಡ ಮಂದಿ ಹೇಳೋ ಸುಳ್ಳೆಲ್ಲಾ
ಕಸ್ತೂರಿ ಹೇಳಿ ನಗಿಸಿದಳು.

ಎಲ್ಲಾರೂ ಮಲಗಿದ ಮ್ಯಾಲ
ಬೆನ್ನ ಕೆಳಗ ಚಾಪಿ, ಚಾಪಿ ಕೆಳಗ ಖರೇ ಹುಲ್ಲು.
ಒಂದು ಸುಂಡಿಲಿ ಅಂಚು ಎತ್ತಿ ಒಳಗ ಬಂತು,
ಒಲಿ ನೋಡ್ತು, ನನ್ನ ನೋಡ್ತು,
ತನ್ನ ಹಾದಿಲೆ ಆ ಕಡೆ ಹೊಂಟು ಹೋತು.
ಬಾಡಿಗಿ ಯಾರು ಯಾರಿಗೆ ಕೊಡಬೇಕೋ.

ಮೂರು ಗಂಟೇಕ ಕೆಂಡಾ ಕರ್ರಗಾದ್ವು.
ಹಣಿಮ್ಯಾಲ ಹನಿ.
ಹೊಲಿಗಿ ಸೋರತೈತೇನೋ ಅಂತ ಎದೆ ಧಸಕ್ಕಂತು.
ಬ್ಯಾಟರಿ ಹಿಡದು ಒಂದೊಂದು ಟಾಕಿ ಮುಟ್ಟಿದೆ.
ಸೋರಿದ್ದಿಲ್ಲ. ಒಂಬತ್ತು ಮಂದಿ ಉಸುರು
ಮ್ಯಾಲ ಹತ್ತಿ, ತಂಪಾಗಿ, ತಿರುಗಿ ಬಂದಿತ್ತು.
ಪಡುವಣ ಮಗ್ಗಲಕ ನಾಕು ಟಾಕಿ ಸೊಟ್ಟ ಅದಾವು,
ಕಸ್ತೂರಿಗೆ ಹೇಳಿಲ್ಲ.
ಬೆರಳ ದಪ್ಪದ ಕಟಗಿ ಇಟ್ಟು ಊದಿದೆ,
ಒಲಿ ನನ್ನ ಮಷೀನಿನಂಗ ಕಟಕಟ ಹೊಂಟಿತು.

ಮುಂಜಾನೆ ಎಲ್ಲಾ ಚೀಲದಾಗ ಹೋತು.
ಗುಡ್ಡೆಲ್ಲಾ ಇಬ್ಬನಿ, ಇಲ್ಲಷ್ಟಽ ಒಣ ನೆಲಾ, ದುಂಡಗ.
ನಾವು ಮಲಗಿದ ಹುಲ್ಲು ಮೆಲ್ಲಕ ಏಳಾಕತ್ತಿತ್ತು.

"ಲೆಕ್ಕಾ ಹೇಳ್ರಿ ಕಾಕಾ," ಅಂದಳು, ವ್ಯಾನಿನಾಗ.
ಹೊಲಿಗಿ ಇಷ್ಟು, ದಾರ ಇಷ್ಟು, ಬೆಂಕಿ ಅರಿವಿ ಇಷ್ಟು.
"ತೂತಿಗೆ?"

ವಹಿಯೊಳಗ ಬರದೀನಿ: ತೂತು, ಒಂದು.
ಮುಂದ ಜಾಗಾ ಬಿಟ್ಟೀನಿ.

ನಿನ್ನೆ ಲಾರಿಯಾಂವ ತಾಡಪತ್ರಿ ತಂದ,
ನಡುವ ಸುಟ್ಟದ್ದು, ಬಶಿಯಷ್ಟು.
ಅರವತ್ತು ರೂಪಾಯಿ, ಅಂದೆ.
ಐವತ್ತಕ್ಕ ಮಾಡ್ರಿ, ಅಂದ.